ಎರಡು ಮೊಳದ ಮರುಭೂಮಿ

ನಮ್ಮ ಭಾವ, ಅಕ್ಕನ ಗಂಡ, ಸಿನಿಮಾಗಳಿಗೆ ಹೆಜ್ಜೆಸದ್ದು ಮಾಡುವವರು. ಪರದೆಯ ಮೇಲೆ ಯಾರೇ ನಡೆಯಲಿ, ಓಡಲಿ, ಜಾರಿ ಬೀಳಲಿ, ಅದರ ಸದ್ದನ್ನು ಸ್ಟುಡಿಯೋದ ನೆಲಮಾಳಿಗೆಯಲ್ಲಿ ಮೈಕಿನ ಮುಂದೆ ಅವರು ಹುಟ್ಟಿಸಬೇಕು. ರಾಜನೂ ಅವರೇ, ಕುದುರೆಯೂ ಅವರೇ. ಮನೆಯಲ್ಲಿ ಮಾತ್ರ ಅವರದು ಸದ್ದೇ ಇಲ್ಲ. ಅಕ್ಕ ಹತ್ತು ಮಾತಾಡಿದರೆ ಇವರದು ಒಂದು "ಹೂಂ". ಮದುವೆಯಾದ ಮೇಲೆ ಗಂಡ ತನ್ನನ್ನು ಹೊಗಳಿದ್ದು ಒಂದೇ ಸಲ, ಅದೂ ನಿದ್ದೆಗಣ್ಣಿನಲ್ಲಿ ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು.

ಹೋದ ವರ್ಷ ಅವರ ಪಾಲಿಗೆ ಬಂದದ್ದು ಅರಬ್ಬೀ ಜನಪದ ಪ್ರೇಮಕಥೆಗಳನ್ನು ಹೆಣೆದು ಮಾಡಿದ ಕಾವ್ಯಮಯ ಸಿನಿಮಾ. ಕಾವ್ಯಮಯ ಎಂದರೆ, ನನ್ನ ದಡ್ಡತಲೆಗೆ ಹೊಳೆದ ಮಟ್ಟಿಗೆ, ಯಾರೂ ಮಾತಾಡುವುದಿಲ್ಲ, ಎಲ್ಲರೂ ನಡೆಯುತ್ತಾರೆ. ನಾಯಕ ಪ್ರೀತಿಯ ಹುಚ್ಚು ಹಿಡಿದು ಮರುಭೂಮಿ ಅಲೆಯುತ್ತಾನೆ. ಕೊನೆಯಲ್ಲಿ ನಾಯಕಿ ಅವನನ್ನು ಹುಡುಕಿಕೊಂಡು ಹೊರಡುತ್ತಾಳೆ. ಭಾವನ ಮರುಭೂಮಿಯೋ ಎರಡು ಮೊಳದ ಮರಳಿನ ತೊಟ್ಟಿ. ಅದರಲ್ಲಿ ನಿಂತಲ್ಲೇ ನಡೆದು ನಾಯಕನ ವಿರಹ ಮುಗಿಸುವ ಹೊತ್ತಿಗೆ ಅವರ ಮಂಡಿ ತಲೆದಿಂಬಿನಂತೆ ಊದಿತು. ನಾಯಕಿ ಹೊರಡುವ ದಿನ ಅವರಿಗೆ ಕಾಲೂರಲೇ ಆಗಲಿಲ್ಲ.

ಸಂಜೆಯೊಳಗೆ ಸದ್ದು ಸಿಗದಿದ್ದರೆ ಕಂಪ್ಯೂಟರಿನಲ್ಲಿರುವ ಸಿದ್ಧ ಹೆಜ್ಜೆಗಳನ್ನೇ ಅಂಟಿಸುವುದಾಗಿ ನಿರ್ದೇಶಕಿ ಹೇಳಿದಳು. ಒಮ್ಮೆ ಹಾಗೆ ಮಾಡಿ ಗೆದ್ದರೆ ಸ್ಟುಡಿಯೋ ಮಾಲೀಕರು ತೊಟ್ಟಿಯನ್ನು ಹೊರಗೆಸೆದು ಭಾವನನ್ನು ಮನೆಗೆ ಕಳಿಸುವುದು ಖಂಡಿತ. ಆ ಮಾತನ್ನು ಮಾಲೀಕರು ಆಗಲೇ ಆಡಿಯೂ ಇದ್ದರು.

ಭಾವನನ್ನು ಕರೆತಂದಿದ್ದ ನಾನೇ ವೀರಾವೇಶದಿಂದ ತೊಟ್ಟಿಗಿಳಿದೆ. ನಿರ್ದೇಶಕಿ ಸ್ವಲ್ಪ ಕೇಳಿ ಹೆಡ್‌ಫೋನ್ ತೆಗೆದಿಟ್ಟಳು. ಯಾರೋ ಬೀರು ಎಳೆಯುತ್ತಿರುವ ಹಾಗಿದೆ ಎಂದು ಬಹಳ ಮರ್ಯಾದೆಯಿಂದಲೇ ಹೇಳಿದಳು.

ಅಷ್ಟರಲ್ಲಿ ಅಕ್ಕ ಮುಲಾಮು ಹಿಡಿದುಕೊಂಡು ಬಂದಳು. ಭಾವ ಅವಳ ಪಾದಗಳನ್ನು ನೋಡಿದರು.

"ನೀನು ಇಳಿ."

"ನಾನಾ? ನಂಗೇನ್ರೀ ಬರುತ್ತೆ?"

"ಪರದೆ ನೋಡ್ತಾ, ಮನೇಲಿ ನಡೆಯೋ ಹಾಗೇ ನಡಿ."

ಮೊದಲ ಸಲ ಕೆಟ್ಟಿತು. ಅಕ್ಕ ನಡುವೆ ಬಾಯಿಬಿಟ್ಟು, ಇಷ್ಟು ದೂರ ಹೊರಟವಳಿಗೆ ಒಂದು ಬಾಟಲಿ ನೀರು ಬೇಡವೇ ಎಂದು ಕೇಳಿದ್ದೂ ಮೈಕಿಗೆ ಸೇರಿತ್ತು. ಎರಡನೆಯ ಸಲ ತುಟಿ ಬಿಗಿಹಿಡಿದಳು. ನಾಯಕಿ ಮರಳದಿಬ್ಬದ ಮೇಲೆ ತಡವರಿಸಿದಾಗ ಅಕ್ಕನ ಕಾಲೂ ತಡವರಿಸಿತು. ದೂರದಲ್ಲಿ ಅವನು ಕಂಡಾಗ ಹೆಜ್ಜೆ ಬಿರುಸಾಯಿತು.

ನಿರ್ದೇಶಕಿ ಮತ್ತೆ ಮತ್ತೆ ಹಾಕಿ ಕೇಳಿದಳು. "ಮೊದಲ ದೃಶ್ಯದಲ್ಲಿ ನಾಯಕಿಗೆ ನೀವು ಹಾಕಿದ ಹೆಜ್ಜೆಗೂ ಇದಕ್ಕೂ ವ್ಯತ್ಯಾಸವೇ ಇಲ್ಲ ಸರ್. ಇವರಿಗೆ ಯಾವಾಗ ಕಲಿಸಿದ್ರಿ?"

"ನಾನೇನು ಕಲಿಸ್ಲಿ?" ಎಂದರು ಭಾವ. "ಹೆಂಗಸು ನಡೆಯೋ ಸದ್ದು ಬೇಕು ಅಂದಾಗೆಲ್ಲ ನಾನು ಇವಳ ನಡಿಗೇನೇ ನೆನೆಸ್ಕೊಳ್ಳೋದು. ಬೇರೆ ಯಾರದ್ದೂ ನಂಗೆ ಗೊತ್ತಿಲ್ಲ."

ಅಂದರೆ ಮಹಾರಾಣಿಯಿಂದ ಹಿಡಿದು ಬ್ಯಾಂಕು ದೋಚಿದವಳವರೆಗೆ, ಇಷ್ಟು ವರ್ಷ ನಮ್ಮಕ್ಕ ಪರದೆಯ ಮೇಲೆ ಓಡಾಡದ ಜಾಗವೇ ಇರಲಿಲ್ಲ.

ಅಕ್ಕ ತಲೆ ತಗ್ಗಿಸಿದಳು. "ಮನೇಲಿ ನಾನು ಓಡಾಡ್ಕೊಂಡು ಕೆಲಸ ಮಾಡುವಾಗ ಬಾಗಿಲ ಹತ್ರ ಕೂತು ಕಣ್ಣು ಮುಚ್ಕೋತಿದ್ರಲ್ಲ, ತೂಕಡಿಸ್ತಾರೆ ಅಂತ ಎಷ್ಟು ಬೈದೆ ನಾನು."

"ಹೂಂ," ಎಂದರು ಭಾವ.

ಸಿದ್ಧ ಹೆಜ್ಜೆಗಳ ಮಾತು ಅಲ್ಲಿಗೆ ಮುಗಿಯಿತು. ಮಂಡಿ ವಾಸಿಯಾಗುವವರೆಗೆ ಅಕ್ಕನೂ ಬರಲಿ ಎಂದು ಮಾಲೀಕರು ಮೇಲಿಂದ ಹೇಳಿಕಳಿಸಿದರು. ರೆಕಾರ್ಡಿಂಗ್ ಮುಗಿದಿದೆ, ಇನ್ನು ಸಾಕು ಎಂದು ನಿರ್ದೇಶಕಿ ಹೇಳಿದರೂ ಅಕ್ಕ ತೊಟ್ಟಿಯಿಂದ ಹೊರಬರಲಿಲ್ಲ. ಪರದೆ ಆರಿಹೋಗಿತ್ತು. ಅವಳು ಇನ್ನೊಮ್ಮೆ ನಿಧಾನವಾಗಿ ನಡೆದಳು. ಭಾವ ಕಣ್ಣು ಮುಚ್ಚಿಕೊಂಡರು.