ಬೇಸ್‌ಬಾಲ್ ಬಲೆಯ ಹಿಂದೆ ಅಂಗನ್ಯಾಸ

ನನ್ನ ಮಗಳ ಮಗ ಸಿಡ್ನಿಯ ಒಂದು ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡಕ್ಕೆ ಸಹಾಯಕ ತರಬೇತುದಾರ. ಈ ಒಂದು ವಾಕ್ಯವನ್ನು ಅದೇ ಊರಿನ ಗಿರಾವೀನ್ ಬಡಾವಣೆಯ ನಮ್ಮ ಕನ್ನಡಿಗರ ಬಳಗಕ್ಕೆ ವಿವರಿಸುವಷ್ಟರಲ್ಲಿ ಉಪನಿಷತ್ತಿಗೆ ಭಾಷ್ಯ ಹೇಳಿದಷ್ಟು ಆಯಾಸವಾಗುತ್ತಿತ್ತು.

"ಕ್ರಿಕೆಟ್ ಅಲ್ವಾ ಅಂಕಲ್?" ಎಂದು ಒಬ್ಬರು ಕೇಳಿದರೆ, "ಅಸಿಸ್ಟೆಂಟ್ ಅಂದ್ರೆ ಕೆಲಸ ಪರ್ಮನೆಂಟ್ ಅಲ್ಲ ಅಂತಾನಾ?" ಎಂದು ಇನ್ನೊಬ್ಬರು. ಅವರು ಹೋದ ಮೇಲೆ ಮಗಳು ನನ್ನ ಕಡೆ ತಿರುಗುತ್ತಿದ್ದಳು: "ಅಪ್ಪಾ, ನೀವಾದ್ರೂ ಅವನಿಗೆ ಹೇಳಿ. ಅವನ ಜೊತೆ ಓದಿದವರೆಲ್ಲ ಮ್ಯಾಕ್ವೆರಿ ಪಾರ್ಕ್‌ನ ಐಟಿ ಕಂಪನಿಗಳಲ್ಲಿ ಸೆಟಲ್ ಆಗಿದಾರೆ."

ನಾನು ಹೇಳಲಿಲ್ಲ. ಅವನು ಮೊದಲು ತಂಡದಲ್ಲಿ ಚೆಂಡೆಸೆಯುವವನಾಗಿದ್ದ. ಭುಜ ಕೆಟ್ಟಿತು, ಶಸ್ತ್ರಚಿಕಿತ್ಸೆಯ ನಂತರ ಹಳೆಯ ವೇಗ ಮರಳಲಿಲ್ಲ. ಆಟವನ್ನು ಬಿಡುವ ಬದಲು ಆಡುವವರ ಬಳಿಯೇ ಉಳಿದುಕೊಂಡ. ಅಭ್ಯಾಸದಲ್ಲಿ ಹುಡುಗರಿಗೆ ಚೆಂಡು ಎಸೆದುಕೊಡುವುದು, ಮೈದಾನದ ಮಣ್ಣನ್ನು ಹರವಿ ಸಮ ಮಾಡುವುದು, ಪಂದ್ಯದಲ್ಲಿ ಓಟ ಮುಗಿಯುವ ಮುಂಚಿನ ಕೊನೆಯ ತಾಣವಾದ ಮೂರನೆಯ ಬೇಸಿನ ಪಕ್ಕ ನಿಂತು ಟೋಪಿ, ಎದೆ, ಮೊಣಕೈ ಮುಟ್ಟಿ ಬ್ಯಾಟರನಿಗೆ ಸನ್ನೆ ಮಾಡುವುದು, ಓಡಿ ಬರುವವನನ್ನು ಮುಂದಕ್ಕೆ ಕಳಿಸುವುದು ಇಲ್ಲವೇ ತಡೆಯುವುದು, ಇವು ಅವನ ಕೆಲಸ. ಇವನು ಕಳಿಸಿದ ಓಟಗಾರ ಗುರಿ ಮುಟ್ಟಿದರೆ ಕೀರ್ತಿ ಓಡಿದವನದು. ಔಟಾದರೆ ತಪ್ಪು ಇವನದು. ನೇಮಕ ವರ್ಷವರ್ಷಕ್ಕೂ ಹೊಸದು. ಮೆಲ್ಬರ್ನಿನ ಪಂದ್ಯಾವಳಿ ಮುಗಿದೊಡನೆ, ಇವನನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂಬುದನ್ನು ಮುಖ್ಯ ತರಬೇತುದಾರರು ತಿಳಿಸುವವರಿದ್ದರು.

ಆ ಪಂದ್ಯಾವಳಿಗೆ ನಾನೂ ಹೋದೆ. ಅಲ್ಲಿನ ಕ್ರಾನ್‌ಬರ್ನ್ ಬಡಾವಣೆಯ ಬಂಧುಗಳ ಮನೆಯಲ್ಲಿ ಇಳಿದುಕೊಂಡು, ಕೊನೆಯ ಪಂದ್ಯದ ದಿನ ಮೈದಾನದಲ್ಲಿ ಬ್ಯಾಟರನ ಬೆನ್ನ ಹಿಂದಿನ ಬಲೆಗೆ ತಾಗಿದಂತಿದ್ದ ಮೊದಲ ಸಾಲಿನಲ್ಲಿ ಕುಳಿತೆ. ಸುತ್ತಲೂ ಸಾಸೇಜ್ ಸುಡುವ ವಾಸನೆ. ಪಾರಾಯಣಕ್ಕೆ ತಕ್ಕ ಸ್ಥಳವಲ್ಲವೆಂದು ಬಲ್ಲೆ. ಆದರೆ ಎದೆಯ ತಳಮಳ ಸ್ಥಳಶುದ್ಧಿಗಾಗಿ ಕಾಯಲಿಲ್ಲ. ಪಾದರಕ್ಷೆ ಕಳಚಿ ಕವಚಸ್ತೋತ್ರವನ್ನು ಆರಂಭಿಸಿದೆ. ಅದಕ್ಕೆ ಮುನ್ನ ಅಂಗನ್ಯಾಸವಾಗಬೇಕು: ಹೃದಯ, ಶಿರಸ್ಸು, ಶಿಖೆಯನ್ನು ಕ್ರಮವಾಗಿ ಮುಟ್ಟಿ, ಕೈಗಳನ್ನು ಅಡ್ಡಲಾಗಿ ತೋಳುಗಳ ಮೇಲಿಟ್ಟು, ಕಣ್ಣುಗಳನ್ನು ಮುಟ್ಟಿ, ಕೊನೆಗೆ ಒಂದು ಚಪ್ಪಾಳೆ. ನಮ್ಮ ತಂಡ ಬ್ಯಾಟಿಗೆ ಬಂದಾಗಲೆಲ್ಲ ನನ್ನ ಮನಸ್ಸು ಮೂರನೆಯ ಬೇಸಿನತ್ತ ಹರಿದು ಶ್ಲೋಕ ತಪ್ಪುತ್ತಿತ್ತು. ತಪ್ಪಿದೊಡನೆ ಮತ್ತೆ ಮೊದಲಿನಿಂದ, ನ್ಯಾಸಸಮೇತ. ಮೊಮ್ಮಗನೂ ನನಗೆ ಬಿಸಿಲು ತಾಗುತ್ತಿದೆಯೋ ಎಂದು ಅಲ್ಲಿಂದ ಆಗಾಗ ನೋಡುತ್ತಿದ್ದ.

ಹಾಗೊಂದು ಚಪ್ಪಾಳೆ ಬಿದ್ದೊಡನೆ ಎದುರಾಳಿ ತಂಡದ ತರಬೇತುದಾರ ಮೈದಾನದೊಳಗೆ ನುಗ್ಗಿ ನನ್ನತ್ತ ಬೆರಳು ತೋರಿಸಿ ಕೂಗಾಡಿದ. ಬಲೆಯ ಹಿಂದೆ ಕುಳಿತವನಿಗೆ, ಚೆಂಡು ಹಿಡಿಯುವ ಆಟಗಾರ ಯಾವ ಕಡೆಗೆ ಸರಿದ, ಅಂದರೆ ಚೆಂಡು ಎಲ್ಲಿಗೆ ಬರಲಿದೆ ಎಂಬುದು ಕಾಣುತ್ತದೆ. ಅದನ್ನು ನಾನು ಮೈಮುಟ್ಟಿ ಮೊಮ್ಮಗನಿಗೆ ತಿಳಿಸುತ್ತಿದ್ದೇನೆ, ಅವನು ಬ್ಯಾಟರನಿಗೆ ದಾಟಿಸುತ್ತಿದ್ದಾನೆ ಎಂಬುದು ಆತನ ದೂರು. ಮೋಸವೆಂದು ಸಾಬೀತಾದರೆ ಮೊಮ್ಮಗನ ನೇಮಕದ ಮಾತೇ ಉಳಿಯುವುದಿಲ್ಲ.

ಅಂಪೈರ್ ಬಲೆಯ ಬಳಿ ಬಂದು, ಏನು ಮಾಡುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರಾರ್ಥನೆ ಎಂದೆ.

"ಪ್ರಾರ್ಥನೆಯಂತೆ! ಇವರು ಬ್ಯಾಟ್ ಮಾಡುವಾಗ ಮಾತ್ರವೇ?" ಎಂದು ಎದುರಾಳಿ ಗೇಲಿ ಮಾಡಿದ. ಅದು ನಿಜವೇ ಆಗಿತ್ತು.

ಮೊಮ್ಮಗ ಓಡಿಬಂದ. "ಹೀ ಈಸ್ ಮೈ ಗ್ರ್ಯಾಂಡ್‌ಫಾದರ್" ಎಂದದ್ದು ಸಂಶಯವನ್ನು ಇನ್ನಷ್ಟು ಹೆಚ್ಚಿಸಿತು. ಕ್ಷಣಕಾಲ ಅವನು ನನ್ನನ್ನೇ ನೋಡಿದ. ಆಮೇಲೆ ಟೋಪಿ ತೆಗೆದು ಕಂಕುಳಲ್ಲಿಟ್ಟು, ಅಂಪೈರ್ ಎದುರು ಎದೆ, ತಲೆ, ನೆತ್ತಿಯ ಹಿಂಭಾಗವನ್ನು ಮುಟ್ಟಿದ. ಕೈಗಳನ್ನು ಅಡ್ಡಲಾಗಿ ತೋಳುಗಳ ಮೇಲಿಟ್ಟ. ಕಣ್ಣು ಮುಟ್ಟಿ ಚಪ್ಪಾಳೆ ತಟ್ಟಿದ. ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಅರ್ಥ ಹೇಳಿದ. ಕ್ರಮ ಎಲ್ಲಿಯೂ ತಪ್ಪಲಿಲ್ಲ. ನಾನು ಅವನಿಗೆ ಎಂದೂ ಕಲಿಸಿದವನಲ್ಲ. "ಪ್ರತಿದಿನ ಬೆಳಿಗ್ಗೆ ಇದೇ ಕ್ರಮ. ಚೆಂಡು ಎಲ್ಲಿಗೆ ಬಂದರೂ ಇದು ಬದಲಾಗುವುದಿಲ್ಲ. ನೀವೇ ಬೇಕಾದರೆ ನೋಡಿ" ಎಂದ.

ಅಂಪೈರ್ ನನ್ನನ್ನು ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು. ಅದೇ ಕ್ರಮದಲ್ಲಿ ಮಾಡಿದೆ. ದೂರನ್ನು ಅಲ್ಲಿಗೇ ಕೈಬಿಟ್ಟರು. ಆದರೆ ನಾನು ದೂರದ ಬೇಲಿಯ ಬಳಿ ಕುಳಿತುಕೊಳ್ಳಬೇಕೆಂದರು. ನಮ್ಮ ಮುಖ್ಯ ತರಬೇತುದಾರರು ಮಾತ್ರ ಕೈಕಟ್ಟಿ ನಿಂತಿದ್ದರು.

ಬೇಲಿಯ ಬಳಿ ಕೈಗಳನ್ನು ತೊಡೆಯ ಕೆಳಗಿಟ್ಟು ಕುಳಿತೆ. ಕೊನೆಯ ಸರದಿಯಲ್ಲಿ ಸಮಬಲಕ್ಕೆ ಒಂದು ಓಟ ಬೇಕಿದ್ದಾಗ, ಓಡಿಬರುತ್ತಿದ್ದವನನ್ನು ಮೊಮ್ಮಗ ಎರಡೂ ಕೈ ಎತ್ತಿ ಮೂರನೆಯ ಬೇಸಿನಲ್ಲೇ ತಡೆದ. ಜನ "ಅಯ್ಯೋ" ಎಂಬಂತೆ ಉದ್ಗರಿಸಿದರು. ಮುಂದಿನ ಬ್ಯಾಟರ್ ಔಟಾದ, ಸೋತೆವು. ಮೊದಲು ದೂರು, ಈಗ ಇದು. ಇನ್ನು ಅವನನ್ನು ಯಾರು ಉಳಿಸಿಕೊಂಡಾರು?

ತಂಡದ ವ್ಯಾನಿನ ಬಳಿ ನಾವಿಬ್ಬರೇ ನಿಂತಿದ್ದೆವು. "ಕಳಿಸಬೇಕಿತ್ತೇನೋ ಮಗೂ?" ಎಂದೆ.

"ನೋ ತಾತ. ಬಾಲ್ ಆಲ್ರೆಡಿ ಬಂದಿತ್ತು, ಕಳಿಸಿದ್ರೆ ಔಟ್." ದನಿ ಗಟ್ಟಿಯಾಗಿತ್ತು, ಮುಖ ಹಾಗಿರಲಿಲ್ಲ.

ಮುಖ್ಯ ತರಬೇತುದಾರರು ಬಂದರು. ನನ್ನನ್ನು ದಿಟ್ಟಿಸಿ ನೋಡಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗನಿಗೆ ಹೇಳಿದರು: "ಅವನನ್ನು ತಡೆದದ್ದು ಸರಿ. ಮುಂದಿನ ವರ್ಷ ತಾತನನ್ನು ಮೊದಲೇ ಬೇಲಿಯ ಬಳಿ ಕೂರಿಸಿಬಿಡು."

"ಮುಂದಿನ ವರ್ಷವೇ?" ಎಂದ ಇವನು.

"ಮತ್ತೆ? ನಿನಗೆ ಬೇರೆ ಯೋಚನೆ ಏನಾದರೂ ಇದೆಯೇ?"

ಅವರು ಹೊರಟುಹೋದ ಮೇಲೆ ಮೊಮ್ಮಗ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕುಳಿತ. ಬ್ಯಾಟುಗಳ ಚೀಲಗಳು ಇನ್ನೂ ನೆಲದ ಮೇಲೆಯೇ ಬಿದ್ದಿದ್ದವು. ಏನು ಮಾಡಬೇಕೆಂದು ತೋಚದೆ ನಾನೊಂದಕ್ಕೆ ಕೈ ಹಾಕಿದೆ.

ಅವನು ಎದ್ದು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡ. "ಬಿಡಿ ತಾತ," ಎಂದ, "ಅದು ನನ್ನ ಕೆಲಸ."