ಏಳನೇ ಹಾಸಿಗೆಯ ತೂಕ

೧೯೫೮ರಲ್ಲಿ ನಾನು ಚಿಕ್ಕಬಳ್ಳಾಪುರದ ಹೊರಗಿದ್ದ ಒಂದು ಸಣ್ಣ ಕ್ಷಯರೋಗ ವಾರ್ಡಿನ ವೈದ್ಯಾಧಿಕಾರಿಯಾಗಿದ್ದೆ. ಆಸ್ಪತ್ರೆಯ ಹೆಸರು ಬೇಡ. ತಪ್ಪು ನನ್ನದು, ಅದಕ್ಕೇಕೆ ಕೆಟ್ಟ ಹೆಸರು? ಇಪ್ಪತ್ತೆಂಟರ ವಯಸ್ಸು, ಕೊರಳಲ್ಲಿ ಹೊಸ ಸ್ಟೆತಾಸ್ಕೋಪು, ತಲೆತುಂಬ ಜಂಬ. ಇಂಜೆಕ್ಷನ್ನು, ಮಾತ್ರೆ ಬಂದಿದ್ದರೂ ಶುದ್ಧ ಗಾಳಿಯ ಚಿಕಿತ್ಸೆಯನ್ನು ಆಗಿನ್ನೂ ಕೈಬಿಟ್ಟಿರಲಿಲ್ಲ. ಹನ್ನೆರಡು ಹಾಸಿಗೆಗಳನ್ನು ತೆರೆದ ವರಾಂಡದಲ್ಲಿ ಸಾಲಾಗಿ ಹಾಕಿಸಿದ್ದೆ.

ಏಳನೇ ಹಾಸಿಗೆ ಸಾದಲಿಯ ನಾರಾಯಣಮ್ಮನದು. ರೇಷ್ಮೆಹುಳು ಸಾಕುವ ಮನೆಯ ಸೊಸೆ, ಇಪ್ಪತ್ತಾರು ವರ್ಷ. ಸೆಪ್ಟೆಂಬರಿನಲ್ಲಿ ಎಂಬತ್ತೆರಡು ಪೌಂಡು ಇದ್ದವಳು ನವೆಂಬರ್ ಕೊನೆಗೆ ತೊಂಬತ್ತೊಂದಕ್ಕೆ ಬಂದಿದ್ದಳು. ತೂಕ ಏರಿದರೆ ರೋಗ ಇಳಿಯುತ್ತಿದೆ, ತೂಕ ಇಳಿದರೆ ರೋಗ ಏರುತ್ತಿದೆ ಎಂಬುದು ನಮ್ಮ ಲೆಕ್ಕ. ಅವಳಷ್ಟು ವಿಧೇಯ ರೋಗಿಯನ್ನು ನಾನು ಕಂಡಿರಲಿಲ್ಲ. ಮಾತ್ರೆಯನ್ನು ನನ್ನ ಕಣ್ಣೆದುರೇ ನುಂಗುವಳು, ತಟ್ಟೆಯಲ್ಲಿ ಮುದ್ದೆಯ ಚೂರೂ ಬಿಡಳು. ಎರಡು ವರ್ಷದ ಮಗಳನ್ನು ಅತ್ತೆಯ ಬಳಿ ಬಿಟ್ಟು ಬಂದಿದ್ದಳು. ದಿನವೂ ಒಂದೇ ಪ್ರಶ್ನೆ: "ಮಗೀನ ಯಾವಾಗ ಎತ್ಕೊಳ್ಳಲಿ ಸೋಮಿ?"

ಡಿಸೆಂಬರಿನ ಮೊದಲ ಸೋಮವಾರ ತೂಕ ಎರಡು ಪೌಂಡು ಇಳಿಯಿತು. ಯಂತ್ರ ಕೆಟ್ಟಿರಬೇಕೆಂದು ನಾನೇ ಹತ್ತಿ ನಿಂತೆ, ಕೆಟ್ಟಿರಲಿಲ್ಲ. ಎರಡನೇ ಸೋಮವಾರ ಮತ್ತೆರಡು. ಮೂರನೆಯದಕ್ಕೆ ಎಂಬತ್ತೈದು. ಕಫದಲ್ಲಿ ರೋಗಾಣು ಇಲ್ಲ, ಜ್ವರ ಇಲ್ಲ, ಊಟ ಪೂರ್ತಿ, ಎಕ್ಸ್-ರೇಯಲ್ಲಿ ಹಳೆಯ ಗಾಯ ಹಾಗೆಯೇ ಇದೆ. ಹಾಗಾದರೆ ಮೈ ಎಲ್ಲಿ ಕರಗುತ್ತಿದೆ? ರೋಗ ಔಷಧಕ್ಕೆ ಬಗ್ಗುತ್ತಿಲ್ಲ ಎಂಬ ಭಯ ನನ್ನನ್ನು ಹಿಡಿದುಕೊಂಡಿತು. ನನಗೆ ಕಂಡ ದಾರಿ ಒಂದೇ, ಥೊರಾಕೋಪ್ಲಾಸ್ಟಿ; ಅಂದರೆ ಒಂದು ಮಗ್ಗುಲಿನ ಪಕ್ಕೆಲುಬುಗಳನ್ನು ತೆಗೆದು, ಕೆಟ್ಟ ಶ್ವಾಸಕೋಶವನ್ನು ಶಾಶ್ವತವಾಗಿ ಕುಗ್ಗಿಸುವ ಶಸ್ತ್ರಚಿಕಿತ್ಸೆ. ಬೆಂಗಳೂರಿನ ಸರ್ಜನ್ನರಿಗೆ ಬರೆದೆ. ಮುಂದಿನ ವಾರ, ಶುಕ್ರವಾರ ಕಳಿಸಿ ಎಂದು ಉತ್ತರ ಬಂತು.

ನಾರಾಯಣಮ್ಮನಿಗೆ ಹೇಳಿದೆ.

"ಮೂಳೆ ತೆಗುದ್ರೆ ಮಗೀನ ಎತ್ಕೋಬೋದಾ?"

"ಬಹಳ ದಿನ ಆಗಲ್ಲಮ್ಮ."

"ನೀವು ಹೇಳ್ದಂಗೆ ಸೋಮಿ," ಎಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಮಾರನೆಯ ದಿನ, ಗುರುವಾರ, ಮನೆಯಲ್ಲಿರಲಾಗದೆ ಬೆಳಗಿನ ಆರಕ್ಕೇ ವಾರ್ಡಿಗೆ ಹೋದೆ. ನಂದಿಯ ಕಡೆಯಿಂದ ಮಂಜು ಸುರಿಯುತ್ತಿತ್ತು. ಗೋಡೆಯ ಥರ್ಮಾಮೀಟರು ಐವತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಸ್ವೆಟರು, ಮಫ್ಲರು ಹಾಕಿದ್ದ ನಾನೇ ನಡುಗುತ್ತಿದ್ದೆ. ಮನೆಯ ಕಂಬಳಿ ತರಕೂಡದೆಂದು ನಾನೇ ನಿಯಮ ಮಾಡಿದ್ದೆ. ಆದರೆ ಹನ್ನೊಂದು ಹಾಸಿಗೆಗಳಲ್ಲಿ ಒಂದು ತಲೆಯೂ ಕಾಣಿಸಲಿಲ್ಲ! ಎಲ್ಲರೂ ಕದ್ದು ತರಿಸಿಕೊಂಡಿದ್ದ ಕಂಬಳಿ, ರಜಾಯಿಗಳೊಳಗೆ ಮುದುಡಿ ಮಲಗಿದ್ದರು. ಏಳನೆಯದರಲ್ಲಿ ಮಾತ್ರ ನಾರಾಯಣಮ್ಮ ಬರೀ ಸೀರೆಯಲ್ಲಿ ಅಂಗಾತ ಮಲಗಿದ್ದಳು. ವಾರ್ಡಿನ ತೆಳು ರಗ್ಗು ಕಾಲಬಳಿ ಮಡಿಸಿಟ್ಟಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು, ಮಂಚವೇ ಅಲುಗುವಂತೆ ನಡುಗುತ್ತಿದ್ದಳು.

"ಅಯ್ಯೋ, ಇದೇನಮ್ಮ! ಹೊದ್ದುಕೊಳ್ಳಬಾರದಾ?"

"ತಣ್ಣನೆ ಗಾಳಿನೇ ಔಸ್ದಿ ಅಂತ ನೀವೇ ಹೇಳಿದ್ರಲ್ಲ ಸೋಮಿ. ಹೊದ್ಕೊಂಡ್ರೆ ಮೈಗೆ ತಾಕಲ್ಲ. ಬೇಗ ವಾಸಿ ಆಗ್ಲಿ ಅಂತ ಬೆಳಗಾಗೋ ಗಂಟ ಹಿಂಗೇ ಇರ್ತೀನಿ. ಆಯಾ ಬಂದ್ರೆ ಬೈತಾಳೆ ಅಂತ ಆಗ ಒಂದೀಟು ಹೊದ್ಕೋತೀನಿ."

ಕಾಲಬಳಿಯ ರಗ್ಗನ್ನು ಎಳೆದು ಅವಳಿಗೆ ಹೊದಿಸಿದೆ. ಸೇರಿದ ದಿನ ಪ್ರತಿ ರೋಗಿಗೂ ನಾನು ಬಿಗಿಯುತ್ತಿದ್ದ ಭಾಷಣ ಅದು. ಹನ್ನೊಂದು ಜನ ಅದನ್ನು ಕಿವಿಗೆ ಹಾಕಿಕೊಳ್ಳದೆ ಬಚಾವಾಗಿದ್ದರು, ಇವಳು ಮಾತ್ರ ನಂಬಿದ್ದಳು.

ಹೊರಗೆ ಎಷ್ಟೇ ತಣ್ಣಗಿರಲಿ, ದೇಹ ತನ್ನ ಕಾವನ್ನು ಬಿಟ್ಟುಕೊಡುವಂತಿಲ್ಲ. ಅದಕ್ಕಾಗಿಯೇ ನಡುಗುತ್ತದೆ, ನಡುಗುವಾಗ ಸ್ನಾಯುಗಳು ತಿಂದ ಅನ್ನವನ್ನು ಸುಟ್ಟು ಶಾಖ ಮಾಡುತ್ತವೆ, ಅನ್ನ ಸಾಲದಿದ್ದರೆ ಮೈಯನ್ನೇ ಸುಡುತ್ತವೆ. ಮಲಗಿದ್ದಲ್ಲೇ ಅವಳು ರಾತ್ರಿಯಿಡೀ ದುಡಿಯುತ್ತಿದ್ದಳು. ಊಟದ ಅಳತೆಯನ್ನಾದರೂ ನಾನು ನಿಗದಿ ಮಾಡಿದ್ದು ಮೇ ತಿಂಗಳಲ್ಲಿ. ಸೆಕೆಗೆ ಎಲ್ಲರೂ ಬಿಡುತ್ತಾರೆಂದು ಅರ್ಧ ಮುದ್ದೆ ಕಡಿಮೆ ಮಾಡಿಸಿದ ಬುದ್ಧಿವಂತ ನಾನೇ.

ಆಯಾ ಮುನಿಯಮ್ಮನಿಗೆ ಇದನ್ನು ವಿವರಿಸಿದೆ. ಅವಳು ನಕ್ಕುಬಿಟ್ಟಳು. "ಹಂಡೆ ನೀರು ಬೇಸಿಗೇಲಿ ಎರಡು ಸೌದೆಗೆ ಕಾಯ್ತದೆ, ಈಗ ನಾಕು ಬೇಕು. ಇದುಕ್ಕೆ ಅಷ್ಟೊಂದು ಓದ್ಬೇಕಾ ಡಾಕ್ಟ್ರಪ್ಪ?"

ಎರಡು ವಾರ ತಡೆಯಿರಿ ಎಂದು ಸರ್ಜನ್ನರಿಗೆ ತಂತಿ ಕಳಿಸಿದೆ. ನಾರಾಯಣಮ್ಮನಿಗೆ ಎರಡು ಕಂಬಳಿ, ಒಂದೂವರೆ ಮುದ್ದೆ, ಹಿಡಿ ಕಡಲೆಕಾಯಿ. "ಕಂಬಳಿ ತೆಗೀಕೂಡದು," ಎಂದು ಗದರಿದೆ. ಆದರೆ ನನ್ನ ಊಹೆ ತಪ್ಪಾಗಿ ನಿಜಕ್ಕೂ ರೋಗವೇ ಏರುತ್ತಿದ್ದರೆ ಆ ಎರಡು ವಾರ ಅವಳ ಪ್ರಾಣವನ್ನೇ ತೆಗೆಯಬಹುದಿತ್ತು. ಸೋಮವಾರ ತೂಕದ ಯಂತ್ರ ನೋಡಲಾಗದೆ ಮುಖ ತಿರುಗಿಸಿ ನಿಂತಿದ್ದೆ. "ಎಂಬತ್ತಾರೂವರೆ!" ಎಂದು ಮುನಿಯಮ್ಮನೇ ಕೂಗಿದಳು. ಮುಂದಿನ ವಾರ ಎಂಬತ್ತೆಂಟಾಯಿತು. ಶಸ್ತ್ರಚಿಕಿತ್ಸೆ ಬೇಡವೆಂದು ಬರೆದುಹಾಕಿದೆ.

ಏಪ್ರಿಲ್ ಮೊದಲ ವಾರ ಅವಳು ಮನೆಗೆ ಹೊರಟಳು. ಗಂಡ ಮಗಳನ್ನು ಕರೆತಂದಿದ್ದ. ಮಗುವನ್ನು ಒಂದೇ ಎಳೆತಕ್ಕೆ ಸೊಂಟಕ್ಕೇರಿಸಿಕೊಂಡಳು. ನನ್ನ ಕಣ್ಣು ತುಂಬಿತು, ನಾಚಿಕೆಯೇನಿಲ್ಲ. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಮನೇಲೂ ಎರಡು ಕಂಬ್ಳಿ ಹೊದೀಬೇಕಾ ಸೋಮಿ? ಸೆಕೆ ತಡ್ಯಕ್ಕಾಗ್ತಿಲ್ಲ."

ಅವಳ ಕತ್ತು, ತೋಳುಗಳ ತುಂಬ ಬೆವರುಸಾಲೆ. ಕಂಬಳಿ ತೆಗೆಯಬಹುದೆಂದು ನಾನು ಹೇಳೇ ಇರಲಿಲ್ಲ.

ನಿವೃತ್ತನಾಗುವ ದಿನದವರೆಗೂ, ಯಾವ ರೋಗಿಗೆ ಏನು ಹೇಳಿದರೂ ಕೊನೆಗೆ ತಪ್ಪದೆ ಕೇಳುತ್ತಿದ್ದೆ: "ಈಗ ಮನೆಗೆ ಹೋಗಿ ಏನು ಮಾಡ್ತೀರಿ, ಹೇಳಿ ನೋಡೋಣ."