ಭೂತಶಾಸ್ತ್ರದ ಮಾಸ್ತರ

ಹಂಪಣ್ಣನಿಗೆ ದಿನಕ್ಕೊಂದು ವಾದ ಮಾಡದಿದ್ದರೆ ತಿಂದ ಅನ್ನ ಕರಗುತ್ತಿರಲಿಲ್ಲ. ಚಂದ್ರಬಂಡದ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ರಾಯಚೂರಿನಲ್ಲಿ ಬಿ.ಎಸ್ಸಿ., ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಎಪ್ಪತ್ತಮೂರರಲ್ಲಿ ದೇವದುರ್ಗದ ಜೂನಿಯರ್ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬಂದ. ಉಳಿದವರೆಲ್ಲ ಫಿಜಿಕ್ಸ್ ಎನ್ನುತ್ತಿದ್ದರೆ ಇವನು ಮಾತ್ರ ಬಾಯಿ ತುಂಬ ‘ಭೌತಶಾಸ್ತ್ರ’ ಎನ್ನುವವನು. ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ವಿದ್ಯೆ ಇಲ್ಲ ಎನ್ನುವುದು ಅವನ ಹಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು!

ಆದರೆ ದೇವರು ಹುಷಾರಿ. ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕೆ ಅಬ್ದುಲ್ ವಹೀದನನ್ನು ಮೊದಲೇ ತಂದು ಕೂರಿಸಿದ್ದ. ವಹೀದನ ಮೊಲಕ್ಕೂ ಮೂರೇ ಕಾಲು. ಬಂದ ದಿನವೇ ಇಬ್ಬರೂ ಜಗಳಾಡಿದರು, ವಾರದೊಳಗೆ ಜೀವದ ಗೆಳೆಯರಾದರು, ಜಗಳ ಮಾತ್ರ ನಿಲ್ಲಲಿಲ್ಲ.

ಜಗಳದ ಜಾಗ ಬಸ್ ಸ್ಟ್ಯಾಂಡಿನ ಎದುರು ಹುಸೇನಪೀರನ ಹೋಟೆಲು. ಅಲ್ಲಿ ಸಂಜೆ ಮಂಡಾಳಿನ, ಅಂದರೆ ಚುರುಮುರಿಯ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ ಬಜಿ.

“ಎಣ್ಣಿ ಯಾಕ ಕಾಯ್ತದ? ಶಾಖ! ಭೌತಶಾಸ್ತ್ರ ಇಲ್ಲಂದ್ರ ನಿನ್ನ ಬಾಯಿಗೆ ಮಿರ್ಚಿ ಎಲ್ಲಿದು?” ಎಂದು ಹಂಪಣ್ಣ ಶುರು ಮಾಡುತ್ತಿದ್ದ.

“ಅರೇ ಯಾರ್, ಹಿಟ್ಟು ಉಬ್ಬಿದ್ದು ಸೋಡಾದಿಂದ, ಕೆಂಪಗಾಗಿದ್ದು ರಸಾಯನದಿಂದ. ನಿನ್ನ ಶಾಖ ಬರೀ ಕೆಳಗ ಕುಂತು ಉರಿಯೋದು.”

ಒಂದು ದಿನ ಹುಸೇನಪೀರ ಸೌಟು ಹಿಡಿದುಕೊಂಡೇ ಹೊರಗೆ ಬಂದ. “ಸಾರ್, ಮಿರ್ಚಿ ತಿಂದ್ರ ಬಾಯಿ ಉರೀತದಲ್ರಿ, ಅದು ಯಾರ ಪಾಲಿಗೆ ಬರ್ತದ?”

ಇಬ್ಬರೂ ಮುಖ ಮುಖ ನೋಡಿಕೊಂಡರು. “ಅದು ಜೀವಶಾಸ್ತ್ರ,” ಎಂದ ವಹೀದ ಸಣ್ಣ ದನಿಯಲ್ಲಿ. “ಆ ಪೋಸ್ಟು ಎರಡು ವರ್ಷದಿಂದ ಖಾಲಿ ಅದ.” ಹೋಟೆಲಿಗೆ ಹೋಟೆಲೇ ಬಿದ್ದು ಬಿದ್ದು ನಕ್ಕಿತು.

ಹೀಗೆ ಸುಖವಾಗಿದ್ದ ಹಂಪಣ್ಣನಿಗೆ ಎಪ್ಪತ್ತಾರರ ಚಳಿಗಾಲದಲ್ಲಿ ಹೆಣ್ಣು ನೋಡುವ ಯೋಗ ಬಂತು. ಮಾನ್ವಿ ತಾಲೂಕು, ಹೊಳೆದಂಡೆಯ ಚೀಕಲಪರ್ವಿ. ರಾಮಲಿಂಗಪ್ಪನ ಮಗಳು ವೀರಭದ್ರಮ್ಮ, ಮಾನ್ವಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು. ಚಹಾ ಬಂತು. ಬೆಂಕಿಯಂಥ ಚಹಾ. ಹಂಪಣ್ಣ ಅದನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಬಸಿಯಲ್ಲಿ ಚಹಾ ಯಾಕೆ ಲಗೂನೆ ಆರುತ್ತದೆ ಎಂದು ಮಾವನಾಗುವವನಿಗೆ ಪಾಠ ಶುರು ಮಾಡಿಬಿಟ್ಟ. ಮಾತಿನ ಭರದಲ್ಲಿ ಕೈ ಅಲುಗಿ ಚಹಾ ಪೂರಾ ಧೋತ್ರದ ಮೇಲೆ! ಹುಡುಗಿ ತಡೆಯಲಾರದೆ ಘೊಳ್ಳೆಂದು ನಕ್ಕಳು. ಸೆರಗು ಬಾಯಿಗೊತ್ತಿ ನಗಲಿಲ್ಲ, ಎದುರಿಗೇ ನಕ್ಕಳು. ತೊಡೆ ಸುಡುತ್ತಿದ್ದರೂ ಹಂಪಣ್ಣನಿಗೆ ಅದರ ಪರಿವೆ ಇರಲಿಲ್ಲ. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ನಿಶ್ಚಯಿಸಿದ.

ಹದಿನೈದು ದಿನಕ್ಕೆ ಸುದ್ದಿ ಬಂತು, “ಹುಡುಗಿನ್ನ ಕೊಡೂದಿಲ್ಲ” ಅಂತ. ಕಾರಣವಿಲ್ಲ, ಏನಿಲ್ಲ. ಹಂಪಣ್ಣ ಮಿರ್ಚಿ ಬಿಟ್ಟ, ವಾದ ಬಿಟ್ಟ. ವಹೀದ ಬೇಕೆಂದೇ “ಭೌತಶಾಸ್ತ್ರದಾಗ ಏನದ, ಮಣ್ಣು” ಎಂದು ಕೆಣಕಿದರೂ “ಹೂಂ” ಎನ್ನಲಿಲ್ಲ, “ಊಹೂಂ” ಎನ್ನಲಿಲ್ಲ. ವಹೀದನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ವಹೀದನ ಹೆಂಡತಿ ಖುರ್ಷೀದ್ ಬೇಗಂಳ ತವರು ಮಾನ್ವಿ. ಅವಳ ಅಣ್ಣನ ಅರಿವೆ ಅಂಗಡಿಗೆ ಚೀಕಲಪರ್ವಿಯವರೆಲ್ಲ ಬರುತ್ತಿದ್ದರು. ತವರಿಗೆ ಹೋದವಳು ಅಲ್ಲಿಯೇ ರಾಮಲಿಂಗಪ್ಪನ ತಾಯಿ ಬಸವಂತಮ್ಮನನ್ನು ಹಿಡಿದು ಮಾತಾಡಿಸಿ, ಒಳಗಿನ ಸಂಗತಿ ಬಿಡಿಸಿಕೊಂಡು ಬಂದಳು. ಬಂದವಳಿಗೆ ನಗು ತಡೆಯದೆ ಮಾತೇ ಹೊರಡುತ್ತಿಲ್ಲ.

“ಭಾಯೀಜಾನ್, ನೀವು ಕಾಲೇಜಿನಾಗ ದೆವ್ವದ ವಿದ್ಯಾ ಕಲಸ್ತೀರಂತ! ಭೂತಶಾಸ್ತ್ರ!”

ಆದದ್ದಿಷ್ಟೆ. ರಾಮಲಿಂಗಪ್ಪ ತಾಯಿಗೆ “ಹುಡುಗ ಭೌತಶಾಸ್ತ್ರ ಕಲಸ್ತಾನ” ಎಂದಿದ್ದ. ಕಿವಿ ಮಂದವಾದ ಮುದುಕಿಗೆ ಅದು ಭೂತಶಾಸ್ತ್ರವಾಗಿ ಕೇಳಿತ್ತು. ಸರಕಾರ ಪಗಾರ ಕೊಟ್ಟು ದೆವ್ವ ಕಲಿಸುತ್ತದೆಯೇ ಎಂದು ಮಗ ಕೇಳಿದರೆ, “ಈ ಸರಕಾರ ಏನು ಬೇಕಾದ್ರೂ ಮಾಡ್ತದ” ಎಂದು ಅವನ ಬಾಯಿ ಮುಚ್ಚಿಸಿದ್ದಳು. ಆ ಮನೆಯಲ್ಲಿ ಬಸವಂತಮ್ಮನ ಮಾತೇ ಕೊನೆಯ ಮಾತು. ಅದೂ ಅಲ್ಲದೆ, ರಾಯಚೂರಿನ ಅಕ್ಕಿ ಗಿರಣಿಯವರ ಮನೆಯಿಂದ ಬರುವ ಸೋಮವಾರ ಇನ್ನೊಬ್ಬ ವರ ನೋಡಲು ಬರುವವನಿದ್ದ.

“ನನ್ನ ಗಂಡ ಏನು ಕಲಸ್ತಾನಂತ ಮುದುಕಿ ಕೇಳಿದ್ಲು,” ಖುರ್ಷೀದ್ ಮುಂದುವರಿಸಿದಳು. “ರಸಾಯನ ಅಂದೆ. ‘ಬಾಳಿಹಣ್ಣು ಬೆಲ್ಲದ್ದಾ? ಅಂಥವಗಾದ್ರ ಕಣ್ಣು ಮುಚ್ಚಿ ಕೊಡ್ತಿದ್ದೆ ನೋಡವ್ವಾ’ ಅಂದ್ಲು.”

ವಹೀದ ತೊಡೆ ತಟ್ಟಿದ. “ನೋಡಿದ್ಯಾ? ಮುದುಕಿಗೆ ತಿಳಿದದ್ದು ನಿನಗ ತಿಳೀಲಿಲ್ಲ! ಇಷ್ಟೇ ಮಾಡು. ಭಾನುವಾರ ಹೋಗೂಣು. ಮುದುಕಿ ಕೇಳಿದ್ರ ‘ರಸಾಯನ’ ಅನ್ನು.”

“ಪ್ರಾಣ ಹೋದ್ರೂ ಅನ್ನಂಗಿಲ್ಲ!”

“ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತ ಹಿರಿಯರು ಹೇಳ್ಯಾರ. ನಾ ಒಂದೇ ಒಂದು ಕೇಳಾಕತ್ತೀನಿ.”

ಸಿರವಾರದ ಮೇಲೆ ಹಾದು ಮಾನ್ವಿಗೆ ಹೋಗುವ ಬಸ್ಸಿನಲ್ಲಿ ಹಂಪಣ್ಣ ದಾರಿಯುದ್ದಕ್ಕೂ “ರಸಾಯನ, ರಸಾಯನ” ಎಂದು ಬಾಯಿಪಾಠ ಮಾಡಿದ. ಪ್ರತಿ ಸಲವೂ ಬೇವಿನೆಲೆ ಅಗಿದವನ ಮುಖ. ಆ ನಗು ನೆನಪಾದಾಗ ಮಾತ್ರ ದನಿ ಸ್ವಲ್ಪ ಏರುತ್ತಿತ್ತು.

ಚೀಕಲಪರ್ವಿಯ ಪಡಸಾಲೆಯಲ್ಲಿ ಬಸವಂತಮ್ಮ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಜಡ್ಜಿಯಂತೆ ಕೂತಿದ್ದಳು. ರಾಮಲಿಂಗಪ್ಪ ಪಾಪ, ಕಂಬಕ್ಕೆ ಒರಗಿ ನಿಂತಿದ್ದ. ವೀರಭದ್ರಮ್ಮ ಅಡಿಗೆಮನೆಯ ಬಾಗಿಲಲ್ಲಿ.

“ಬರ್ರಿ ಸಾಬ್ರ, ಕುಂಡ್ರಿ. ನಿಮ್ಮ ಹೆಂಡತಿ ಅಂಗಡ್ಯಾಗ ಸಿಕ್ಕಿದ್ಲು. ತಮ್ಮಾ, ನೀ ಸಾಲಿಯಾಗ ಏನು ಕಲಸ್ತಿ? ಖರೇ ಹೇಳು.”

ಹಂಪಣ್ಣ ಬಾಯಿ ತೆರೆದ. “ರ...” ಎಂದ. ಬಾಗಿಲ ಕಡೆ ನೋಡಿದ, ವಹೀದನ ಕಡೆ ನೋಡಿದ. ಇಷ್ಟು ವರ್ಷ ಹೆಂಡತಿ ಮಕ್ಕಳಿಲ್ಲದ ಬದುಕಿನಲ್ಲಿ ಅವನದು ಎಂದು ಇದ್ದದ್ದು ಅದೊಂದೇ ವಿದ್ಯೆ. “ಭೌತಶಾಸ್ತ್ರ, ಯವ್ವಾ!” ಎಂದುಬಿಟ್ಟ. ಅಭ್ಯಾಸಬಲ, ಬಾಯಿ ತುಂಬ!

“ಕೇಳಿದ್ಯಾ ರಾಮಲಿಂಗಾ? ತನ್ನ ಬಾಯಿಲೇ ಭೂತ ಅಂದ!” ಮುದುಕಿ ಎದ್ದಳು.

ಮದುವೆ ಮುರಿಯಿತು ಎಂದು ಹಂಪಣ್ಣ ಕಣ್ಣು ಮುಚ್ಚಿದ. ಆಗ ವಹೀದನ ದನಿ ಕೇಳಿತು.

“ಯವ್ವಾ, ನಿಂದ್ರಿ. ಭೂತ ಅನ್ನೂದು ಸುಳ್ಳಲ್ಲ. ಆದ್ರ ದೆವ್ವದ ಭೂತಲ್ಲ, ಪಂಚಭೂತ! ನೆಲ, ನೀರು, ಬೆಂಕಿ, ಗಾಳಿ, ಮುಗಿಲು. ನಿಮ್ಮ ಶಿವ ಎದರಾಗ ತುಂಬ್ಯಾನ ಅಂತೀರಿ, ಇಂವ ಕಲಸೂದು ಅದನ್ನ.”

ಮುದುಕಿ ನಿಂತಲ್ಲೇ ನಿಂತಳು. ಕೈ ತಾನಾಗಿ ಹಣೆಯ ವಿಭೂತಿ ಮುಟ್ಟಿತು. “ಹೌದೇನು? ಹಂಗಾದ್ರ ನಿನ್ನ ರಸಾಯನ?”

ವಹೀದ ತಲೆ ತಗ್ಗಿಸಿದ. “ನಂದೇನು ಬಿಡ್ರಿ, ಉಪ್ಪು, ಸೋಡಾ. ಎಲ್ಲಾ ಶಾಸ್ತ್ರದಾಗ ಇವನದೇ ದೊಡ್ಡದು.”

ಈ ಮಾತಿಗಾಗಿ ಹಂಪಣ್ಣ ಎಷ್ಟು ಸಂಜೆ, ಎಷ್ಟು ಮಿರ್ಚಿ ಸುರಿದಿದ್ದ! ಈಗ ಕೇಳಿದರೆ ಎದೆ ಚುರ್ ಎಂದಿತು. ತನ್ನ ಗೆಳೆಯ ಹೀಗೆ ತಲೆ ತಗ್ಗಿಸಿದ್ದನ್ನು ಅವನು ಎಂದೂ ಕಂಡಿರಲಿಲ್ಲ, ಕಾಣುವುದೂ ಅವನಿಗೆ ಬೇಕಿರಲಿಲ್ಲ.

“ಸುಳ್ಳು ಯವ್ವಾ, ಶುದ್ಧ ಸುಳ್ಳು!” ಜಿಗಿದೆದ್ದ. “ಗೊಬ್ಬರ ಕೊಟ್ಟದ್ದು ಇವನ ಶಾಸ್ತ್ರ, ಔಷಧ ಕೊಟ್ಟದ್ದು ಇವನ ಶಾಸ್ತ್ರ. ನೀವು ಹಚ್ಕೊಂಡ ವಿಭೂತಿ ಸೈತ ಸೆಗಣಿ ಸುಟ್ಟ ರಸಾಯನ! ರಸಾಯನನೇ ದೊಡ್ಡದು!”

“ಲೇ ಸುಮ್ನಿರೋ! ಸುಡೂ ಬೆಂಕಿ ನಿಂದಲ್ಲೇನು? ಭೌತನೇ ದೊಡ್ಡದು!”

“ರಸಾಯನ!”

“ಭೌತ!”

ರಾಮಲಿಂಗಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಬಸವಂತಮ್ಮ ಮೊದಲು ಕಣ್ಣು ಬಿಟ್ಟಳು, ಆಮೇಲೆ ಹಲ್ಲಿಲ್ಲದ ಬಾಯಿ ಬಿಟ್ಟಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. “ಯಪ್ಪಾ ಶಿವನೇ! ತನ್ನ ಎತ್ತು ಬಿಟ್ಟು ಮಂದಿ ಎತ್ತಿನ್ನ ಹೊಗಳಿ ಹೊಡದಾಡಾವರನ್ನ ನಾ ಎಲ್ಲೂ ಕಂಡಿಲ್ಲ! ಏ ವೀರಭದ್ರಿ, ನೀ ಸಾಲಿ ಕಲ್ತಾಕಿ. ನೀನ ತೀರ್ಮಾನ ಹೇಳು, ಯಾವ ಶಾಸ್ತ್ರ ದೊಡ್ಡದು?”

ವೀರಭದ್ರಮ್ಮ ಬಾಗಿಲು ಬಿಟ್ಟು ಮುಂದೆ ಬಂದಳು. ಹಂಪಣ್ಣನ ಮುಖವನ್ನೇ ನೋಡುತ್ತ ಹೇಳಿದಳು.

“ಎರಡೂ ಅಲ್ಲ. ಗಣಿತ. ಅದರ ಕೈ ಹಿಡೀಲಾರದ ಇವರಿಬ್ಬರದೂ ಒಂದು ಹೆಜ್ಜಿ ಮುಂದ ಹೋಗಂಗಿಲ್ಲ.”

ಹಂಪಣ್ಣನ ನಾಲಿಗೆಯ ತುದಿಗೆ ಉತ್ತರಗಳು ದಬದಬ ಬಂದು ನಿಂತವು. ಬಾಯಿ ತೆರೆಯಿತು. ಗೆಳೆಯನನ್ನು ಬಲ್ಲ ವಹೀದ “ಯಾ ಅಲ್ಲಾ, ಇಂವನ ಬಾಯಿ ಕಟ್ಟು” ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಹುಡುಗಿಯ ತುಟಿಯ ಅಂಚಿನಲ್ಲಿ ನಗು ಇಣುಕುತ್ತಿತ್ತು.

“ಹೌದ್ರಿ,” ಎಂದ ಹಂಪಣ್ಣ. “ನೀವು ಹೇಳಿದ್ದು ಖರೇ.”

ಅವನ ಬಾಯಿಂದ ವಾದದಲ್ಲಿ ‘ಹೌದು’ ಎಂಬ ಮಾತು ಬಂದದ್ದು ಹುಟ್ಟಿದಾಗಿನಿಂದ ಅದೇ ಮೊದಲು. ವಹೀದ ಬಿಟ್ಟ ಬಾಯಿ ಬಿಟ್ಟಂತೆಯೇ ಇದ್ದ. ಬಸವಂತಮ್ಮ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದಳು.

“ರಾಮಲಿಂಗಾ, ಇವರ ಶಾಸ್ತ್ರ ಎಲ್ಲಾ ಸಾಕು ಮಾಡು. ಒಳಗಿಂದ ಸಕ್ರಿ ತಗೊಂಡು ಬಾ, ಸಕ್ರಿ ಶಾಸ್ತ್ರ ಮಾಡಿ ಮದುವಿ ಮಾತು ಮುಗಸೂಣು.”